ಸರಕಾರದ ತಾಟು

ಸಿಂದಗಿಯ ಬಸಂತರಾಯನ ಎಣ್ಣೆ ಗಿರಣಿಗೆ ಹೋಗಿ ಬಂದವರಿಗೆಲ್ಲ ಆ ತಾಟು ಗೊತ್ತಿತ್ತು. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ, ಒಳಗೆ ಕಾಲಿಟ್ಟವರ ಕಣ್ಣಿಗೆ ಮೊದಲು ಬೀಳುವಂತೆ ಇಟ್ಟ ಒಂದು ಹಿತ್ತಾಳೆಯ ತಾಟು. ಎಣ್ಣೆಯ ದುಡ್ಡು ಗುಮಾಸ್ತ ಖಂಡೆಪ್ಪನ ಕೈಗೆ; ಸೇಲ್ಸ್ ಟ್ಯಾಕ್ಸಿನ ಚಿಲ್ಲರೆಯನ್ನು ಮಾತ್ರ ಗಿರಾಕಿ ತನ್ನ ಕೈಯಾರೆ ತಾಟಿಗೆ ಹಾಕಬೇಕು. ಉಳಿದ ಅಂಗಡಿಗಳಲ್ಲಿ ಎಲ್ಲ ಸೇರಿಸಿ ಒಂದೇ ದರ ಹೇಳಿ ಮುಗಿಸುತ್ತಿದ್ದರು. ಬಸಂತರಾಯನಿಗೆ ಅದು ಸೇರುತ್ತಿರಲಿಲ್ಲ. ತಾವು ಎಷ್ಟು ಸುಲಿಸಿಕೊಳ್ಳುತ್ತಿದ್ದೇವೆ ಎಂಬುದನ್ನು ಜನ ಕಣ್ಣಾರೆ ನೋಡಬೇಕು, ನಾಣ್ಯ ತಾಟಿಗೆ ಬಿದ್ದ ಸಪ್ಪಳಕ್ಕೆ ಅವರ ಹೊಟ್ಟೆ ಉರಿಯಬೇಕು, ಮನೆಗೆ ಹೋಗಿ ಸರಕಾರವನ್ನು ಬಾಯಿತುಂಬ ಬೈಯಬೇಕು. ತಾಟನ್ನು ಅಲ್ಲಿಟ್ಟದ್ದೇ ಅದಕ್ಕೆ.

ಹರೆಯದಲ್ಲಿ ಬಸಂತರಾಯ ಗರಡಿಮನೆಯ ಮಣ್ಣು ಹೊತ್ತವನು. ಕುಸ್ತಿಯಲ್ಲಿ ಜಜ್ಜಿದ ಎಡಗಿವಿ ಇನ್ನೂ ಮುದುಡಿಕೊಂಡೇ ಇತ್ತು. ವ್ಯಾಪಾರವನ್ನೂ ಅವನು ಕುಸ್ತಿಯ ಲೆಕ್ಕದಲ್ಲೇ ನೋಡುತ್ತಿದ್ದ. ಇಬ್ಬರೂ ಲಂಗೋಟಿ ಕಟ್ಟಿ ಕಣಕ್ಕಿಳಿಯಬೇಕು, ತಾಕತ್ತಿದ್ದವನು ಕೆಡವಬೇಕು, ಬಿದ್ದವನು ಮಣ್ಣು ಕೊಡವಿಕೊಂಡು ಏಳಬೇಕು. ನಡುವೆ ಸರಕಾರ ಎನ್ನುವ ಮೂರನೆಯವನಿಗೆ ಏನು ಕೆಲಸ? ಈ ಮಾತನ್ನು ಅವನು ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ. ಆದರೆ ಟ್ಯಾಕ್ಸನ್ನು ಒಂದು ಪೈಸೆ ಬಿಡದೆ ಕಟ್ಟುತ್ತಿದ್ದ. ಬೈಯುವುದು ಬೇರೆ, ಕದಿಯುವುದು ಬೇರೆ ಎಂಬ ಜಂಭ ಅವನಿಗಿತ್ತು. ಆ ಜಂಭದ ಮೇಲೆಯೇ ಅವನು ಬಜಾರದಲ್ಲಿ ಎದೆಯುಬ್ಬಿಸಿ ನಡೆಯುತ್ತಿದ್ದ.

ತಾಟಿನ ಪಾಠ ಎಲ್ಲರಿಗೂ ನಾಟಿತು, ಯಲ್ಲವ್ವನೊಬ್ಬಳನ್ನು ಬಿಟ್ಟು. ಯಲ್ಲವ್ವ ಮೋರಟಗಿಯವಳು. ಸಿಂದಗಿಯ ಬಸ್ ನಿಲ್ದಾಣದ ಹೊರಗೆ ಮಿರ್ಚಿ ಭಜಿ ಕರಿಯುತ್ತಿದ್ದಳು. ಸಂತೆಯ ಹಿಂದಿನ ದಿನ ಡಬ್ಬಿ ಹಿಡಿದುಕೊಂಡು ಗಿರಣಿಗೆ ಬಂದಳೆಂದರೆ ಖಂಡೆಪ್ಪನಿಗೆ ತಲೆನೋವು ಶುರು. ಎಣ್ಣೆ ಕಮಟು ಎನ್ನುವಳು, ನೊರೆ ಇಳಿಯುವ ತನಕ ಅಳೆಯಬೇಡ ಎನ್ನುವಳು, ಎಣ್ಣೆ ಕುಡಿದ ತಣ್ಣನೆಯ ಭಜಿಯೊಂದನ್ನು ಕಾಗದದಿಂದ ಬಿಚ್ಚಿ, ನಿಮ್ಮ ಎಣ್ಣೆಯ ಹಣೆಬರಹ ನೋಡಿ ಎಂದು ಮೂಗಿಗೆ ಹಿಡಿಯುವಳು. ಹೋಗುವಾಗ ಕೇಳದೆ ಒಂದು ತುಂಡು ಹಿಂಡಿಯನ್ನು ಎಮ್ಮೆಗೆಂದು ಉಡಿಯಲ್ಲಿ ಹಾಕಿಕೊಳ್ಳುವಳು. ಇಷ್ಟೆಲ್ಲ ಜಗಳವಾಡಿ ಎಣ್ಣೆಯ ದರ ಇಳಿಸಿಕೊಂಡವಳು, ತಾಟಿನ ಮುಂದೆ ಬಂದಾಗ ಮಾತ್ರ ಬದಲಾಗುತ್ತಿದ್ದಳು. ಟ್ಯಾಕ್ಸಿನ ಚಿಲ್ಲರೆಯನ್ನು ಸೆರಗಿನ ಗಂಟಿನಿಂದ ತೆಗೆದು, ಎರಡೂ ಕಣ್ಣಿಗೆ ಒತ್ತಿಕೊಂಡು, ಸಪ್ಪಳವಾಗದಂತೆ ತಾಟಿನಲ್ಲಿ ಇಡುತ್ತಿದ್ದಳು.

"ಯಲ್ಲವ್ವ, ಅದನ್ಯಾಕ ಕಣ್ಣಿಗೆ ಒತ್ತಕೊಳ್ತಿ? ಕಳ್ಳರ ಕಿಸೇಕ ಹೋಗೂ ರೊಕ್ಕ ಅದು," ಎಂದು ಬಸಂತರಾಯ ಒಮ್ಮೆ ಕೆಣಕಿದ್ದ.

"ಬರದಾಗ ನಾ ಗಂಜಿ ಕೇಂದ್ರದ ಮುಂದ ತಾಟು ಹಿಡಕೊಂಡು ಕುಂತಿದ್ನಿರಿ, ಸಾವಕಾರ್ರ," ಎಂದಿದ್ದಳು ಯಲ್ಲವ್ವ. "ಸಣ್ಣ ಕೂಸು ಉಡ್ಯಾಗ ಇತ್ತು. ನೀವು ಬಂದು ಹಾಕಿದ್ರೇನು? ಸರಕಾರ ಹಾಕಿತು. ಆವತ್ತ ನನ್ನ ತಾಟಿಗೆ ಬಿತ್ತು, ಇವತ್ತ ಅದರ ತಾಟಿಗೆ ನಾ ಹಾಕಾಕತ್ತೇನಿ. ನಿಮಗೇನ್ರಿ ನಡುವ?"

ಎಪ್ಪತ್ತೆರಡರ ಬರದ ಮಾತದು. ಬಸಂತರಾಯ ನಕ್ಕ. ಅವಳು ಹೋದ ಮೇಲೆ ಖಂಡೆಪ್ಪನ ಕಡೆ ತಿರುಗಿ, ಇಂಥವರಿಂದಲೇ ದೇಶ ಹಾಳಾಗಿದೆ ಎಂದ. ಆದರೂ ಆ ಚಿಲ್ಲರೆಯನ್ನು ತಿಂಗಳ ಕೊನೆಗೆ ಸರಕಾರಕ್ಕೆ ಕಟ್ಟುವಾಗ ಅವನಿಗೆ ಒಂದು ಬಗೆಯ ನೆಮ್ಮದಿ ಇರುತ್ತಿತ್ತು. ಅದನ್ನು ಅವನು ಯಾರೆದುರಿಗೂ ಆಡುತ್ತಿರಲಿಲ್ಲ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ಈ ನಾಲ್ಕೂ ಊರಿನ ಗಿರಣಿಯವರು ಸೇರಿ ಒಂದು ಸಂಘ ಮಾಡಿಕೊಂಡಿದ್ದರು. ಬಾಗೇವಾಡಿಯಲ್ಲಿ ಕಾಳುಕಡಿಯ ದಲಾಲಿ ಮಾಡುವ ಒಂದು ಅಡತಿ ಅಂಗಡಿಯ ಅಟ್ಟದ ಮೇಲೆ ಸಭೆ. ಚಹಾ, ಚೂಡಾ, ಸರಕಾರದ ನಿಂದನೆ, ಇವಿಷ್ಟು ಸಂಘದ ಕಾರ್ಯಕ್ರಮ. ನಿಂದನೆಯಲ್ಲಿ ಎಲ್ಲರನ್ನೂ ಮೀರಿಸುವವನು ಇಂಡಿಯ ಸಿದ್ದರಾಯ. ಬಸಂತರಾಯನಿಗಿಂತ ಹತ್ತು ವರ್ಷ ಚಿಕ್ಕವನು, ಮಾತಿನಲ್ಲಿ ಮಾತ್ರ ಎಲ್ಲರಿಗೂ ಹಿರಿಯ. "ಸರಕಾರ ನಮಗ ಏನೂ ಕೊಡೂದು ಬ್ಯಾಡ. ನಮ್ಮ ದಾರಿ ಬಿಟ್ಟು ನಿಂತರ ಸಾಕು" ಎಂದು ಅವನು ಹೇಳಿದ ದಿನ ಬಸಂತರಾಯ ಅಂಗೈ ಕೆಂಪಾಗುವ ತನಕ ಚಪ್ಪಾಳೆ ತಟ್ಟಿದ್ದ. ಮನೆಗೆ ಬಂದು ಹೆಂಡತಿ ಇಂದುಬಾಯಿಗೂ ಆ ಮಾತನ್ನು ಒಪ್ಪಿಸಿದ್ದ. ಮಾತನ್ನು ಕೇಳಿ ಮನುಷ್ಯನನ್ನು ತೂಗುವ ಕೆಟ್ಟ ಚಾಳಿ ಅವನಿಗಿತ್ತು.

ಎಪ್ಪತ್ತೈದರಲ್ಲಿ ಸಿದ್ದರಾಯ ಇಂಡಿಯ ರಸ್ತೆಯಲ್ಲಿ ದೊಡ್ಡ ಎಣ್ಣೆ ಕಾರಖಾನೆ ಕಟ್ಟಿದ. ಜಾಗ ಸರಕಾರದ್ದು. ಮೊನ್ನೆಯ ತನಕ ಅದು ದನ ಮೇಯುವ ಗಾಯರಾಣ ಆಗಿತ್ತು, ಬಾಡಿಗೆ ಹೆಸರಿಗಷ್ಟೆ. ಕರೆಂಟಿನ ಕಂಬ ನೆಟ್ಟದ್ದು ಸರಕಾರ. ಎಲ್ಲಕ್ಕಿಂತ ಮಿಗಿಲಾಗಿ, ಹಿಂದುಳಿದ ಪ್ರದೇಶದಲ್ಲಿ ಹೊಸ ಉದ್ಯಮ ತೆರೆದವರಿಗೆಂದು ಐದು ವರ್ಷ ಸೇಲ್ಸ್ ಟ್ಯಾಕ್ಸ್ ಮಾಫಿ. ಉದ್ಘಾಟನೆಗೆ ಬಸಂತರಾಯನಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿದ್ದರು. ಸಿದ್ದರಾಯ ಮೈಕಿನ ಮುಂದೆ ನಿಂತು ಸರಕಾರವನ್ನು ಹೊಗಳಿದ ರೀತಿಗೆ, ಬಾಗೇವಾಡಿಯ ಅಟ್ಟದ ಮೇಲೆ ಬೈದವನು ಇವನೇ ಹೌದೋ ಅಲ್ಲವೋ ಎಂದು ಬಸಂತರಾಯ ಕಣ್ಣು ಕಿರಿದು ಮಾಡಿ ನೋಡಿದ. ಇವನೇ ಹೌದು. ಅದೇ ಮೀಸೆ, ಅದೇ ಎತ್ತಿದ ಬೆರಳು.

ಸುಗ್ಗಿಯಲ್ಲಿ ಹುನ್ನಾರ ಗೊತ್ತಾಯಿತು. ಸಿದ್ದರಾಯ ರೈತರಿಗೆ ಎಣ್ಣೆಕಾಳಿಗೆ, ಕುಸಬಿಗೆ, ದರ ಹೆಚ್ಚು ಕೊಟ್ಟ, ಗಿರಾಕಿಗೆ ಎಣ್ಣೆ ಡಬ್ಬಿಯನ್ನು ಸೋವಿ ಕೊಟ್ಟ. ಎಷ್ಟು ಸೋವಿ? ಬಸಂತರಾಯನ ತಾಟಿಗೆ ಬೀಳುವ ಚಿಲ್ಲರೆ ಎಷ್ಟೋ ಅಷ್ಟು. ದೇವಣಗಾಂವದಿಂದ, ಹೂವಿನ ಹಿಪ್ಪರಗಿಯಿಂದ ವರ್ಷಾನುವರ್ಷ ತಾವಾಗಿ ಬಂದು ಗಿರಣಿಯ ಅಂಗಳದಲ್ಲಿ ಎತ್ತಿನ ಕೊರಳು ಬಿಚ್ಚುತ್ತಿದ್ದ ಗಾಡಿಗಳು ಈಗ ಬಾಗಿಲ ಮುಂದೆ ನಿಲ್ಲದೆ ಹೋದವು. ಗಾಡಿಯವರು ಬಸಂತರಾಯನನ್ನು ಕಂಡು ಮುಖ ತಿರುಗಿಸಿಕೊಂಡರು. ಅವರ ಮೇಲೆ ಅವನಿಗೆ ಸಿಟ್ಟು ಬರಲಿಲ್ಲ. ಹೆಚ್ಚು ಕೊಟ್ಟವನ ಕಡೆ ಹೋಗುವುದೇ ವ್ಯಾಪಾರ ಎಂದು ಕಲಿಸಿದವನು ಅವನೇ ಅಲ್ಲವೆ?

ಮುಂದಿನ ಸಭೆಗೆ ಬಾಗೇವಾಡಿಗೆ ಹೋದವನು ಚಹಾ ಬರುವ ಮೊದಲೇ ಎದ್ದು ನಿಂತ.

"ಸಿದ್ದರಾಯ, ನಾ ನಿನ್ನ ಕೂಡ ಕುಸ್ತಿ ಆಡಾಕ ತಯಾರ ಅದೇನಿ. ನಿನ್ನ ಮಷೀನ್ ದೊಡ್ಡದು ಇರ್ಲಿ, ನಿನ್ನ ಹಂತ್ಯಾಕ ರೊಕ್ಕ ಹೆಚ್ಚು ಇರ್ಲಿ. ಕೆಡವು, ಬೀಳತೇನಿ. ಆದ್ರ ತೀರ್ಪು ಕೊಡೂ ಪಂಚ ಆದಾವ ಬಂದು ನನ್ನ ಕಾಲು ಹಿಡಕೊಂಡು, ನಿನ್ನ ಕಾಲು ಬಿಟ್ಟು, ಈಗ ಆಡ್ರಿ ಅಂದ್ರ ಅದು ಎಂಥಾ ಕಣ? ಸರಕಾರ ಬಜಾರದಾಗ ಕೈ ಹಾಕಬಾರದು ಅಂತ ಇಲ್ಲೇ ನಿಂತು ಹೇಳಿದಾವ ಯಾರು?"

ಸಿದ್ದರಾಯನಿಗೆ ಬೇಸರವೂ ಆಗಲಿಲ್ಲ, ನಾಚಿಕೆಯೂ ಆಗಲಿಲ್ಲ. "ಬಸಂತಣ್ಣ, ನೀ ನನಗಿಂತ ತಿಳದಾವ. ಸರಕಾರ ನನಗೇನು ಕೈ ಎತ್ತಿ ಕೊಟ್ಟೈತೇನು? ನನ್ನ ಕಿಸೇದಾಗಿನ ಕೈ ತಗದೈತಿ ಅಷ್ಟ. ಕೈ ತಗೀರಿ ಅಂತನ ನಾವೆಲ್ಲಾರೂ ಹೇಳಿದ್ದು. ಒಬ್ಬನ ಕಿಸೇದಿಂದ ತಗದರೂ ಅಷ್ಟು ಮುಕ್ತ ಆದಂಗ ಅಲ್ಲೇನು?"

"ನಿನ್ನ ಕಿಸೇದಾಗಿಂದ ತಗದ ಕೈ ಎಲ್ಲಿ ಇಟ್ಟಾರ ನೋಡು. ನನ್ನ ಕುತಗಿ ಮ್ಯಾಲೆ ಇಟ್ಟಾರ."

"ಅದನ್ನ ಇಟ್ಟಾವ ನಾ ಅಲ್ಲ ಅಣ್ಣ. ನೀನೂ ತಗಸ್ಕೋ. ಬ್ಯಾಡ ಅಂದಾವ ಯಾರು?"

ಎಲ್ಲರೂ ನಕ್ಕರು. ಅದೊಂದು ಹಗುರ ನಗೆ, ಯಾರಿಗೂ ನೋವಾಗದ ನಗೆ. ಬಸಂತರಾಯ ಒಬ್ಬೊಬ್ಬರ ಮುಖವನ್ನೂ ನೋಡಿದ. ಸರಕಾರ ನಮ್ಮ ದಾರಿ ಬಿಟ್ಟು ನಿಲ್ಲಲಿ ಎಂದು ವರ್ಷಗಟ್ಟಲೆ ಗಂಟಲು ಹರಿದುಕೊಂಡವರು ಇವರೇ. ಸಭೆ ಮುಗಿದ ಮೇಲೆ ಅವರಲ್ಲಿ ನಾಲ್ಕೈದು ಮಂದಿ ಸಿದ್ದರಾಯನನ್ನು ಮೂಲೆಗೆ ಕರೆದುಕೊಂಡು ಹೋಗಿ ಪಿಸುಮಾತಿನಲ್ಲಿ ಕೇಳಿದ್ದು ಒಂದೇ: ಆ ಮಾಫಿ ಸಿಗಬೇಕಾದರೆ ಯಾರನ್ನು ಹಿಡಿಯಬೇಕು? ತತ್ವ ಅಂತ ಇವರಿಗೆ ಯಾವತ್ತೂ ಇರಲಿಲ್ಲ. ಇದ್ದದ್ದು ಹೊಟ್ಟೆಕಿಚ್ಚು. ಅದು ತಣ್ಣಗಾಗುವ ಹಾದಿ ಕಂಡ ಕೂಡಲೇ ಎಲ್ಲರೂ ಸರಕಾರದ ಮಕ್ಕಳಾಗಿಬಿಟ್ಟರು. ಬಸಂತರಾಯನಿಗೆ ಎಂಜಲೆಲೆಯ ಮೇಲೆ ಕೈಯಿಟ್ಟಷ್ಟು ಹೇಸಿಗೆಯಾಯಿತು. ಚಹಾ ಮುಟ್ಟದೆ ಬಸ್ಸು ಹತ್ತಿದ.

ಆದರೂ ಬಿಜಾಪುರಕ್ಕೆ ಒಮ್ಮೆ ಹೋಗಿಬಂದ. ಕೇಳುವುದರಲ್ಲಿ ತಪ್ಪೇನು, ಎಲ್ಲರಿಗೂ ಒಂದೇ ಕಾನೂನು ಮಾಡಿ ಎಂದು ಕೇಳಿದರೆ ತತ್ವ ಕೆಡುವುದಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಮಾಫಿ ಕೊಡುವ ಕಚೇರಿಯ ಗೋಡೆಯ ಮೇಲೆ, ಮಾತು ಕಡಿಮೆ ಮಾಡಿ ದುಡಿಮೆ ಹೆಚ್ಚು ಮಾಡಿರೆಂದು ಹೊಸದಾಗಿ ಬರೆಸಿದ್ದರು. ಅದರ ಕೆಳಗೆ ಕುಳಿತ ಸಾಹೇಬ ಮೈಸೂರು ಕಡೆಯವನು, ಮೃದುವಾಗಿ ಮಾತಾಡುವವನು.

"ನಿಮ್ಮದು ಹಳೇ ಗಿರಣಿ ಅಲ್ವೇ? ಮಾಫಿ ಹೊಸದಕ್ಕೆ ಮಾತ್ರ."

"ಅಂದ್ರ ಮೂವತ್ತು ವರ್ಷ ಟ್ಯಾಕ್ಸ್ ಕಟ್ಟಿದ್ದು ನನ್ನ ತಪ್ಪೇನ್ರಿ, ಸಾಹೇಬ್ರ?"

ಸಾಹೇಬ ನಿಜವಾಗಿಯೂ ಅರ್ಥ ಮಾಡಿಸುವ ಕಾಳಜಿಯಿಂದ ಮುಂದಕ್ಕೆ ಬಾಗಿದ. "ತಪ್ಪು ಅಂತಲ್ಲ. ನೀವು ಹೇಗಿದ್ದರೂ ಇಲ್ಲೇ ಇರ್ತೀರಿ, ಹೇಗಿದ್ದರೂ ಕಟ್ತೀರಿ. ನಿಮಗೆ ಮಾಫಿ ಕೊಟ್ಟು ಸರ್ಕಾರಕ್ಕೆ ಏನು ಲಾಭ? ಬರದೇ ಇರೋರನ್ನ ಕರೆಸೋದಕ್ಕೆ ಈ ಸವಲತ್ತು ಇರೋದು."

"ಸಿದ್ದರಾಯ ಎಲ್ಲಿಂದ ಬಂದಾನ್ರಿ? ಇಂಡ್ಯಾಗ ಹುಟ್ಟಿ ಇಂಡ್ಯಾಗ ಬೆಳದಾನ."

ಸಾಹೇಬ ಫೈಲು ಮುಚ್ಚಿದ. ಬಸಂತರಾಯ ಮೆಟ್ಟಿಲಿಳಿಯುವಾಗ ಗೋಡೆಗೆ ಉಗಿಯಬೇಕೆನಿಸಿತು. ಆದರೆ ಅಲ್ಲಿ ಉಗಿಯಬೇಡಿರೆಂದೂ ಬರೆಸಿದ್ದರು. ಕಾನೂನು ಮುರಿಯದ ಮನುಷ್ಯ, ನುಂಗಿಕೊಂಡು ಬಂದ.

ಮಳೆಗಾಲದ ಹೊತ್ತಿಗೆ ಮುದ್ದೇಬಿಹಾಳದ ಗಿರಣಿ ಮುಚ್ಚಿತು. ಹಿಂದೆಯೇ ಬಾಗೇವಾಡಿಯ ಎರಡು ಮುಚ್ಚಿದವು. ಎದುರಾಳಿಗಳು ಖಾಲಿಯಾದಂತೆ ಸಿದ್ದರಾಯ ಕುಸಬಿಯ ದರ ಇಳಿಸಿದ, ಎಣ್ಣೆಯ ದರ ಏರಿಸಿದ. ಅಷ್ಟರಲ್ಲಿ ಒಂದು ದಿನ ಬಸಂತರಾಯ ಇಂಡಿಗೆ ಹೋದಾಗ ಸಿದ್ದರಾಯ ರಸ್ತೆಯಲ್ಲೇ ಅವನ ಕೈ ಹಿಡಿದು ಕಾರಖಾನೆಗೆ ಎಳೆದುಕೊಂಡು ಹೋದ. ಚಹಾ ತರಿಸಿದ, ಬಿಸ್ಕೀಟು ತರಿಸಿದ. ಕಿಟಕಿಯಾಚೆ ಅವನ ಗುಮಾಸ್ತ ಗಿರಾಕಿಗಳಿಗೆ ಎಣ್ಣೆಯ ದರ ಹೇಳಿ, ಅದರ ಮೇಲೆ ಟ್ಯಾಕ್ಸು ಬೇರೆ ಎಂದು ಕೂಗಿ ವಸೂಲು ಮಾಡುತ್ತಿದ್ದುದು ಬಸಂತರಾಯನ ಕಿವಿಗೆ ಬಿತ್ತು.

"ನಿನಗ ಮಾಫ್ ಐತಲ್ಲೋ. ಇದೇನು ಟ್ಯಾಕ್ಸ್ ತಗೊಳ್ಳಾಕತ್ತಾನ?"

"ಮಾಫ್ ನನಗ ಐತಿ. ಗಿರಾಕಿಗಿ ಎಲ್ಲೈತಿ?" ಸಿದ್ದರಾಯ ಬಿಸ್ಕೀಟನ್ನು ಚಹಾದಲ್ಲಿ ಅದ್ದಿದ. "ಕೊಟ್ಟು ಕೊಟ್ಟು ಅವರಿಗೆ ರೂಢಿ ಆಗೈತಿ ಅಣ್ಣ. ಒಮ್ಮೆ ರೂಢಿ ತಪ್ಪಿಸಿದ್ರ, ಐದು ವರ್ಷ ಆದ ಮ್ಯಾಲೆ ಮತ್ತ ಕೊಡ್ರಿ ಅಂದ್ರ ಕೊಡ್ತಾರೇನು?"

"ಮತ್ತ ಆ ರೊಕ್ಕ ಎಲ್ಲಿ ಹೋಗತೈತಿ?"

ಸಿದ್ದರಾಯ ಕಿಟಕಿಯಾಚೆ ಬೆರಳು ತೋರಿಸಿದ. ಕಾರಖಾನೆಯ ಹಿಂದೆ ಅವನ ಹೊಸ ಮನೆಯ ಎರಡನೆಯ ಅಂತಸ್ತು ಏಳುತ್ತಿತ್ತು. "ಹಿಂದುಳಿದ ಪ್ರದೇಶ ಮುಂದ ಬರಾಕತ್ತೈತಿ," ಎಂದ. ತಮಾಷೆಗೆ ಹೇಳಿದನೋ ನಿಜಕ್ಕೆ ಹೇಳಿದನೋ, ಬಹುಶಃ ಅವನಿಗೂ ಗೊತ್ತಿರಲಿಲ್ಲ. ಕೋಪ ಬಂದರೆ ಜಗಳವಾಡಬಹುದು. ಬಸಂತರಾಯನಿಗೆ ಬಂದದ್ದು ಕೋಪವಲ್ಲ, ವಾಕರಿಕೆ. ಇವನಿಗೆ ಸುಳ್ಳು ಹೇಳುವ ಶ್ರಮವೂ ಬೇಕಿಲ್ಲ, ಎಲ್ಲವನ್ನೂ ಬಿಸಿಲಿಗೆ ಹರವಿಟ್ಟುಕೊಂಡೇ ತಿನ್ನುತ್ತಾನೆ.

ಬಾಗಿಲ ತನಕ ಕಳಿಸಲು ಬಂದ ಸಿದ್ದರಾಯ ಹೆಗಲ ಮೇಲೆ ಕೈಯಿಟ್ಟು ಹೇಳಿದ: "ನಿನ್ನ ಗಿರಣಿ ಮುಚ್ಚಿಬಿಡು ಅಣ್ಣ. ಕಾಗದದ ಮ್ಯಾಲೆ ಮುಚ್ಚು. ಇಂದುಬಾಯಿ ವೈನಿ ಹೆಸರಲೆ ಹೊಸಾದು ತೆಗಿ. ಮಷೀನಿಗೆ ಬಣ್ಣಾ ಹಚ್ಚಿಸು. ಸಾಹೇಬ್ರಿಗೆ ನಾ ಹೇಳತೇನಿ. ನೀ ಬಿದ್ದರ ನನಗೇನು ಸುಖ ಐತೇನು?"

ಬಸಂತರಾಯ ಕೈ ಕೊಡವಿ ಬಂದ. ಮನೆಗೆ ಬಂದು ಊಟದ ಮುಂದೆ ಕೂತು ಇಂದುಬಾಯಿಗೆ ಎಲ್ಲ ಹೇಳಿ, ಅಪ್ಪ ಕಟ್ಟಿದ ಗಿರಣಿಯನ್ನು ಸುಳ್ಳೇ ಸಾಯಿಸು ಅಂತಾನ ಆ ಹಲ್ಕಾ, ಎಂದ. ಇಂದುಬಾಯಿ ಜೋಳದ ರೊಟ್ಟಿಯನ್ನು ತಾಟಿಗೆ ಹಾಕಿದಳು.

"ಸುಳ್ಳ ಸಾಯಿಸಿದ್ರ ಉಳೀತೈತಿರಿ. ನೀವು ಖರೇನ ಸಾಯಿಸಾಕತ್ತೀರಿ," ಎಂದಳು. ಅವಳು ಸಾಮಾನ್ಯವಾಗಿ ವ್ಯಾಪಾರದ ಮಾತಿಗೆ ಬಾಯಿ ಹಾಕುವವಳಲ್ಲ. "ಶಹಾಬುದ್ದೀನ ಮಿಸ್ತ್ರಿ ನಿನ್ನೆ ಬಂದಿದ್ದ. ಸೊಲ್ಲಾಪುರದಾಗ ಕೆಲಸ ಹುಡಕಲೇನು ಅಂತ ನನ್ನ ಕೇಳಿದ. ನಿಮ್ಮನ್ನ ಕೇಳಾಕ ಅವನಿಗೆ ಬಾಯಿ ಬರಲಿಲ್ಲಂತ."

ಶಹಾಬುದ್ದೀನ ಅಪ್ಪನ ಕಾಲದಿಂದ ಇದ್ದವನು. ಗಿರಣಿಯ ಸಪ್ಪಳ ಸ್ವಲ್ಪ ಬದಲಾದರೂ ಮಲಗಿದ್ದಲ್ಲಿಂದ ಎದ್ದು ಬರುತ್ತಿದ್ದವನು. ಆ ಗಿರಣಿ ಈಗ ವಾರದಲ್ಲಿ ಎರಡು ದಿನ ತಿರುಗಿದರೆ ಹೆಚ್ಚು. ಬಸಂತರಾಯ ರೊಟ್ಟಿ ಮುರಿದ, ತಿನ್ನಲಿಲ್ಲ.

ಆಮೇಲಿನ ದಿನಗಳಲ್ಲಿ ಅವನು ತನ್ನೊಳಗೆ ವಾದ ಹೂಡಿದ. ಸಿದ್ದರಾಯನ ಕಾಲು ಬಿಟ್ಟಿದ್ದಾರೆ, ನನ್ನ ಕಾಲೂ ಬಿಡಿಸಿಕೊಂಡರೆ ಕಣ ಮತ್ತೆ ಸಮ ಆಗುತ್ತದೆ. ಕಣ ಸಮ ಆಗಲಿ ಎನ್ನುವುದೇ ತಾನೇ ನನ್ನ ತತ್ವ? ಮೋಸವಲ್ಲ ಇದು, ಮೋಸವನ್ನು ಸರಿದೂಗಿಸುವುದು. ವಾದ ಚೆನ್ನಾಗಿಯೇ ಇತ್ತು. ಇಷ್ಟು ಚೆನ್ನಾಗಿ ವಾದ ಮಾಡುವುದನ್ನು ಅವನು ಯಾರಿಂದ ಕಲಿತ ಎಂದು ಕೇಳುವವರು ಯಾರೂ ಇರಲಿಲ್ಲ.

ದಸರೆ ಮುಗಿದ ಮೇಲೆ ಕೆಲಸ ಶುರುವಾಯಿತು. ಸಂಗಮೇಶ್ವರ ಆಯಿಲ್ ಮಿಲ್ ಎಂದು ಅಪ್ಪ ಬರೆಸಿದ್ದ ತಗಡಿನ ಬೋರ್ಡನ್ನು ಇಳಿಸಿ, ಮುಖ ಗೋಡೆಗೆ ಮಾಡಿ ಹಿಂಡಿಯ ಕೋಣೆಯಲ್ಲಿ ನಿಲ್ಲಿಸಿದರು. ಆಳುಗಳೆಲ್ಲ ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಕೆಲಸ ಬಿಟ್ಟರು, ಇನ್ನೊಂದಕ್ಕೆ ಒತ್ತಿ ಕೆಲಸಕ್ಕೆ ಸೇರಿದರು. ಶಹಾಬುದ್ದೀನ ಮಷೀನಿನ ಮೇಲಿನ ಕಂಪನಿಯ ಹೆಸರು, ವರ್ಷ ಎಲ್ಲವನ್ನೂ ಅರ ಹಚ್ಚಿ ಉಜ್ಜಿದ. ಉಜ್ಜುವಾಗ ಬಸಂತರಾಯನ ಮುಖ ನೋಡಲಿಲ್ಲ. ಆಮೇಲೆ ಅದಕ್ಕೆ ಹಸಿರು ಬಣ್ಣ ಬಳಿದ. ಬಾಗಿಲ ಮೇಲೆ 'ಇಂದು ಇಂಡಸ್ಟ್ರೀಜ್' ಎಂಬ ಹೊಸ ಬೋರ್ಡು ಏರಿತು. ಅದನ್ನು ನೋಡಲು ಬಾ ಎಂದರೆ ಇಂದುಬಾಯಿ ಬರಲಿಲ್ಲ. ಮನೆಯಲ್ಲಿ ಕೆಲಸವಿದೆ ಎಂದಳು.

ತಪಾಸಣೆಗೆ ಬಂದ ಬಿಜಾಪುರದ ಸಾಹೇಬ ಅವಸರದಲ್ಲಿದ್ದ. ಮಷೀನಿನ ಸುತ್ತ ಒಂದು ಸುತ್ತು ಹಾಕಿ, ನೆಪಕ್ಕೆ ಅದರ ಬೆನ್ನು ತಟ್ಟಿದ. ಬಣ್ಣ ಇನ್ನೂ ಹಸಿ ಇತ್ತು. ಅಂಗೈಯೆಲ್ಲ ಹಸಿರಾಯಿತು. ಸಾಹೇಬ ಅಂಗೈ ನೋಡಿಕೊಂಡ, ಬಸಂತರಾಯನನ್ನು ನೋಡಿದ, ಬಸಂತರಾಯನ ಹೆಗಲ ಮೇಲಿದ್ದ ಟವೆಲ್ ತೆಗೆದುಕೊಂಡು ಒಂದೊಂದೇ ಬೆರಳು ಒರೆಸಿಕೊಂಡ.

"ಮಷೀನು ಹೊಸದೇ ಇದೆ," ಎಂದ, ಟವೆಲನ್ನು ಹೆಗಲ ಮೇಲೆ ಮರಳಿ ಇಟ್ಟ.

ಹಿಂಬಾಗಿಲಲ್ಲಿ ನಿಂತಿದ್ದ ಶಹಾಬುದ್ದೀನ ಮುಖ ಆಚೆ ಮಾಡಿದ. ಬಸಂತರಾಯನಿಗೆ ಮಾತ್ರ ಒಂದು ವಿಚಿತ್ರ ಆಸೆ ಇತ್ತು: ಸಾಹೇಬ ಸಿಟ್ಟಿಗೇಳಲಿ, ಬೈಯಲಿ, ಕಾಗದ ಹರಿದು ಮುಖಕ್ಕೆ ಎಸೆಯಲಿ. ಬೈದಿದ್ದರೆ ಅವನ ಪಾದಕ್ಕೆ ಬೀಳುತ್ತಿದ್ದನೇನೋ. ಸಾಹೇಬ ಚಹಾ ಕುಡಿದು ಹೋದ. ಕೆಟ್ಟ ಕೆಲಸ ಇಷ್ಟು ಸಲೀಸಾಗಿ ಆಗಿಹೋದರೆ ಮನುಷ್ಯ ಎಲ್ಲಿ ನಿಂತುಕೊಳ್ಳಬೇಕು?

ಉದ್ಘಾಟನೆಗೆ ಸಿದ್ದರಾಯನೇ ಬಂದು ತೆಂಗಿನಕಾಯಿ ಒಡೆದ. ಸಾಹಸಿಗಳಿಗೆ ಸರಕಾರ ದಾರಿ ಬಿಟ್ಟರೆ ನಾಡು ಹೇಗೆ ಬೆಳೆಯುತ್ತದೆ ಎಂಬುದಕ್ಕೆ ನಮ್ಮ ಬಸಂತಣ್ಣನೇ ಸಾಕ್ಷಿ ಎಂದು ಭಾಷಣ ಮಾಡಿದ. ಜನ ಚಪ್ಪಾಳೆ ತಟ್ಟಿದರು. ಬಸಂತರಾಯನೂ ತಟ್ಟಿದ, ಅಂಗೈ ಕೆಂಪಾಗಲಿಲ್ಲ.

ಮರುದಿನ ಗಿರಣಿಗೆ ಬಂದು ನೋಡಿದರೆ ಹಿತ್ತಾಳೆಯ ತಾಟು ಹುಣಸೆ ಹಚ್ಚಿ ತಿಕ್ಕಿಸಿಕೊಂಡು, ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಥಳಥಳ ಹೊಳೆಯುತ್ತ ಕೂತಿತ್ತು.

"ಇದನ್ಯಾಕ ಇಟ್ಟಿ?" ಎಂದು ಖಂಡೆಪ್ಪನನ್ನು ಕೇಳಿದ.

"ಸಿದ್ದರಾಯರ ಕಡೇನೂ ತಗೊಳ್ಳಾಕತ್ತಾರಲ್ರಿ. ನಾವು ಬಿಟ್ಟರ ಅವರು ಸಿಟ್ಟಾಗತಾರ. ಮತ್ತ, ಹೊಸಾ ಗಿರಣಿ ಖರ್ಚು ಬಾಳ ಆಗೈತಿರಿ ಧಣಿ." ಖಂಡೆಪ್ಪನ ಮುಖದಲ್ಲಿ ಕಪಟವೇನೂ ಇರಲಿಲ್ಲ. ಒಡೆಯನ ಹಿತ ನೋಡುವ ನಿಯತ್ತಿನ ಗುಮಾಸ್ತ ಅವನು. ಖರ್ಚಿನ ಮಾತೂ ಸುಳ್ಳಲ್ಲ. ಸಾಹೇಬರ ಕಡೆಯವರಿಗೆ ಕೊಟ್ಟದ್ದು, ಬಣ್ಣ, ಬೋರ್ಡು, ಊಟ, ಹಾರ.

ಈ ವಾರ ಇರಲಿ, ಆಮೇಲೆ ತೆಗೆದರಾಯಿತು ಎಂದುಕೊಂಡ ಬಸಂತರಾಯ. ಆ ವಾರ ಹೋಯಿತು. ಇನ್ನೊಂದು ಹೋಯಿತು. ತಾಟು ತುಂಬುತ್ತಿತ್ತು, ಗಿರಾಕಿಗಳು ಎಂದಿನಂತೆ ಸರಕಾರವನ್ನು ಶಪಿಸಿಕೊಂಡು ಹೋಗುತ್ತಿದ್ದರು. ಬೈಗುಳ ಸರಕಾರಕ್ಕೆ, ಚಿಲ್ಲರೆ ಬಸಂತರಾಯನಿಗೆ.

ಮೂರನೆಯ ವಾರ ಸಂತೆಯ ಹಿಂದಿನ ದಿನ ಯಲ್ಲವ್ವ ಡಬ್ಬಿ ಹಿಡಿದು ಬಂದಳು. ಮಗಳ ಬಾಣಂತನಕ್ಕೆಂದು ಮೋರಟಗಿಯಲ್ಲೇ ಇದ್ದವಳು, ಗಿರಣಿ ಮುಚ್ಚಿ ತೆರೆದದ್ದು ಅವಳಿಗೆ ಗೊತ್ತಿರಲಿಲ್ಲ. ಬೋರ್ಡು ಅವಳು ಓದಲಾರಳು. ಮಷೀನನ್ನು ಮಾತ್ರ ಒಮ್ಮೆ ನೋಡಿದಳು.

"ಹಸರ ಬಣ್ಣ ಬಳದೀರೇನ್ರಿ? ಚಲೋ ಆತು, ಜಂಗ ಹತ್ತಿತ್ತು."

ಆಮೇಲೆ ಎಂದಿನ ಜಗಳ. ಎಣ್ಣೆ ಕಮಟು, ನೊರೆ ಹೆಚ್ಚು, ಅಳತೆ ಕಡಿಮೆ. ಕಾಗದದ ಪೊಟ್ಟಣದಿಂದ ಭಜಿ ಬಂತು. ಖಂಡೆಪ್ಪ ಸೋತು ದರ ಇಳಿಸಿದ. ಅವಳ ಹಿಂದೆ ಇನ್ನೂ ನಾಲ್ಕೈದು ಗಿರಾಕಿಗಳು ಡಬ್ಬಿ ಹಿಡಿದು ನಿಂತಿದ್ದರು. ಯಲ್ಲವ್ವ ಎಣ್ಣೆಯ ದುಡ್ಡು ಕೊಟ್ಟು, ಸೆರಗಿನ ಗಂಟು ಬಿಚ್ಚಿ, ಬೇರೆಯಾಗಿ ಕಟ್ಟಿ ತಂದಿದ್ದ ಚಿಲ್ಲರೆಯನ್ನು ಅಂಗೈಗೆ ತೆಗೆದುಕೊಂಡಳು. ಅವಳ ಕೈ ಕಣ್ಣಿನ ಕಡೆ ಏರಿತು.

ಬಸಂತರಾಯನಿಗೆ ತಡೆದುಕೊಳ್ಳಲಾಗಲಿಲ್ಲ. "ಇರ್ಲಿ ಯಲ್ಲವ್ವ, ಅದು ಕೊಡಬ್ಯಾಡ. ನಮಗ ಮಾಫ್ ಆಗೈತಿ," ಎಂದ. ದನಿ ಹಿಂದೆ ನಿಂತವರಿಗೆ ಕೇಳಿಸದಷ್ಟು ಸಣ್ಣದಾಗಿತ್ತು.

ಯಲ್ಲವ್ವ 'ಮಾಫ್' ಎನ್ನುವುದನ್ನು ಕೇಳಿಸಿಕೊಂಡಳು. "ಯಾರು ಮಾಡಿದ್ರು?"

"ಸರಕಾರ."

"ನಿಮಗ ಮಾಡಿರಬೇಕ್ರಿ. ನನಗ್ಯಾರು ಮಾಡ್ಯಾರ? ಉಂಡಾಕಿ ನಾ." ಒಂದು ಕ್ಷಣ ತಾಟನ್ನು ನೋಡಿದಳು. ಅದರಲ್ಲಿ ಬೆಳಗಿನಿಂದ ಬಿದ್ದ ಚಿಲ್ಲರೆ ಇತ್ತು. "ಕೊಡೂದು ಇಲ್ಲಂದ ಮ್ಯಾಲೆ ತಾಟು ಯಾಕ ಇಟ್ಟೀರಿ, ಸಾವಕಾರ್ರ?"

ಅವಳು ಕುಟುಕಲು ಕೇಳಿದ್ದಲ್ಲ. ಗೊತ್ತಿಲ್ಲದ್ದಕ್ಕೆ ಕೇಳಿದಳು. ಅವಳ ಹಿಂದೆ ನಿಂತಿದ್ದ ಗಿರಾಕಿಗಳೂ ಈಗ ತಾಟಿನ ಕಡೆ ನೋಡಿದರು. ಖಂಡೆಪ್ಪ ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದ. ಹಿಂದೆ ಶಹಾಬುದ್ದೀನನ ಮಷೀನು ತಿರುಗುತ್ತಿತ್ತು. ಈ ಒಂದು ವರ್ಷದಲ್ಲಿ ಅದು ಇಷ್ಟು ಚೆನ್ನಾಗಿ ತಿರುಗಿರಲಿಲ್ಲ. ಬಸಂತರಾಯನ ಬಾಯಲ್ಲಿ ಖರೆ ಮಾತು ತಯಾರಾಗಿಯೇ ಇತ್ತು. ಅದನ್ನು ಹೇಳಿದರೆ ಇವರೆಲ್ಲ ಕೊಟ್ಟದ್ದನ್ನು ಮರಳಿ ಕೇಳುತ್ತಾರೆ, ಸಂಜೆಗೆ ಬಜಾರವೆಲ್ಲ ಕೇಳುತ್ತದೆ, ನಾಳೆ ಸಿದ್ದರಾಯ ಬಂದು ಹೆಗಲ ಮೇಲೆ ಕೈಯಿಡುತ್ತಾನೆ.

"ಚೇಷ್ಟೆ ಮಾಡಿದ್ನಿ, ಯಲ್ಲವ್ವ," ಎಂದ. "ಸರಕಾರಕ್ಕ ಹೋಗತೈತಿ. ಹಾಕು."

"ನಿಮಗ ಯಾವಾಗ್ಲೂ ಅದರ ಮ್ಯಾಲೆ ಚೇಷ್ಟೇನ," ಎಂದು ಯಲ್ಲವ್ವ ಬೈದಳು. ಚಿಲ್ಲರೆಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡಳು. ಬಾಗಿ, ಸಪ್ಪಳವಾಗದಂತೆ ತಾಟಿನಲ್ಲಿಟ್ಟಳು. ಹೋಗುವಾಗ ಒಂದು ತುಂಡು ಹಿಂಡಿಯನ್ನು ಉಡಿಗೆ ಹಾಕಿಕೊಂಡು, ಬಸಂತರಾಯ ನೋಡಿದನೆಂದು ಗೊತ್ತಾಗಿ, ಕಳ್ಳತನ ಸಿಕ್ಕವಳಂತೆ ನಕ್ಕಳು.

ಸಿದ್ದರಾಯನ ಚಹಾದ ಮುಂದೆ ಬಂದಿದ್ದ ವಾಕರಿಕೆಯೇ ಬಸಂತರಾಯನಿಗೆ ಮತ್ತೆ ಬಂತು. ಆಗ ಅದು ಎದುರಿಗೆ ಕೂತವನ ಮೇಲೆ ಬಂದಿತ್ತು. ಈಗ ಎದುರಿಗೆ ಅಂಥವನು ಯಾರೂ ಇರಲಿಲ್ಲ.

ತಾಟು ತುಂಬಿತ್ತು. ಖಂಡೆಪ್ಪ ಅದನ್ನು ಎತ್ತಿ ಗಲ್ಲಾಪೆಟ್ಟಿಗೆಗೆ ಬಗ್ಗಿಸಿದ. ಭಜಿಯ ಎಣ್ಣೆ ಹತ್ತಿದ ಎರಡು ನಾಣ್ಯ ತಾಟಿಗೇ ಅಂಟಿಕೊಂಡಿದ್ದವು, ಅವನ್ನು ಉಗುರಿನಿಂದ ಕೆರೆದು ಹಾಕಿದ. ಖಾಲಿ ತಾಟನ್ನು ಎಲ್ಲಿಡಲಿ ಎನ್ನುವಂತೆ ಧಣಿಯ ಮುಖ ನೋಡಿದ. ಬಸಂತರಾಯ ಕೈ ಚಾಚಿ ತೆಗೆದುಕೊಂಡ, ಹೆಗಲ ಮೇಲಿನ ಟವೆಲಿನಿಂದ ಒರೆಸಿದ, ಮುಂದಿನ ಗಿರಾಕಿಯ ಕಣ್ಣಿಗೆ ಮೊದಲು ಬೀಳುವಂತೆ ಅದೇ ಜಾಗದಲ್ಲಿ ತಾನೇ ಇಟ್ಟ.